ಮಕ್ಕಳ ಜೀವನಾಂಶ ಬಾಕಿಗಾಗಿ ದಸ್ತಗಿರಿ: ತಕರಾರು ಇದ್ದಲ್ಲಿ ಲಭ್ಯವಿರುವ ಕಾನೂನು ಪರಿಹಾರಗಳು

ಸಾರ್ವಜನಿಕರ ಮಾಹಿತಿಗಾಗಿ

ಅಪ್ರಾಪ್ತ ವಯಸ್ಸಿನ ಮಕ್ಕಳ ಪಾಲನೆ ತಂದೆ-ತಾಯಿಯ ಕಾನೂನುಬದ್ಧ ಹೊಣೆ. ನ್ಯಾಯಾಲಯವು ನಿಗದಿಪಡಿಸಿದ ಜೀವನಾಂಶವನ್ನು ಪಾವತಿಸದವರ ವಿರುದ್ಧ ವಾರಂಟು ಹೊರಡಿಸಲು ಅವಕಾಶವಿದೆ. ಆದರೆ ಪಾವತಿಸಿದ ಹಣ ಲೆಕ್ಕಕ್ಕೆ ಬಾರದೆ, ಸಮನ್ಸ್ ತಲುಪದೆ ಅಥವಾ ಬಾಕಿಯನ್ನು ತಪ್ಪಾಗಿ ಲೆಕ್ಕ ಹಾಕಿದ ಕಾರಣ ದಸ್ತಗಿರಿಯಾಗುವ ಸಂದರ್ಭಗಳೂ ಇರುತ್ತವೆ. ಇಂತಹ ಸಂದರ್ಭದಲ್ಲಿ ನಾಗರಿಕರು ಅನುಸರಿಸಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಅನ್ವಯವಾಗುವ ಕಾನೂನು ಯಾವುದು?

ದಿನಾಂಕ 1-7-2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 144ನೇ ಪ್ರಕರಣವು ಜಾರಿಯಲ್ಲಿದೆ. ಇದಕ್ಕೂ ಮೊದಲು ದಂಡ ಪ್ರಕ್ರಿಯಾ ಸಂಹಿತೆ, 1973ರ 125ನೇ ಪ್ರಕರಣವು ಅನ್ವಯಿಸುತ್ತಿತ್ತು. ಆ ದಿನಾಂಕಕ್ಕೆ ಮೊದಲೇ ವಿಚಾರಣೆಯಲ್ಲಿದ್ದ ಅರ್ಜಿಗಳು ಹಳೆಯ ಸಂಹಿತೆಯಂತೆಯೇ ಮುಂದುವರಿಯುತ್ತವೆ.

ಜೀವನಾಂಶದ ಬಾಕಿಯನ್ನು ದಂಡದ ಹಣವನ್ನು ವಸೂಲು ಮಾಡುವ ರೀತಿಯಲ್ಲಿ ವಾರಂಟಿನ ಮೂಲಕ ವಸೂಲು ಮಾಡಲಾಗುತ್ತದೆ. ವಾರಂಟು ಜಾರಿಯಾದ ನಂತರವೂ ಉಳಿದ ಬಾಕಿಗೆ ಒಂದು ತಿಂಗಳವರೆಗೆ, ಅಥವಾ ಅದಕ್ಕೂ ಮೊದಲು ಹಣ ಪಾವತಿಯಾಗುವವರೆಗೆ, ಕಾರಾಗೃಹವಾಸ ವಿಧಿಸಬಹುದು. ಬಾಕಿ ಉಳಿಸಲು ಸಾಕಷ್ಟು ಕಾರಣವಿದೆಯೇ ಎಂಬುದನ್ನು ನ್ಯಾಯಾಲಯವು ಪರಿಗಣಿಸತಕ್ಕದ್ದು.

2. ದಸ್ತಗಿರಿಯ ಸಮಯದಲ್ಲಿ ಇರುವ ಹಕ್ಕುಗಳು

ಅ) ವಾರಂಟು ಲಿಖಿತವಾಗಿದ್ದು, ನ್ಯಾಯಾಧೀಶರ ಸಹಿ ಮತ್ತು ನ್ಯಾಯಾಲಯದ ಮೊಹರನ್ನು ಹೊಂದಿರತಕ್ಕದ್ದು.
ಆ) ಪೊಲೀಸ್ ಅಧಿಕಾರಿಯು ವಾರಂಟಿನ ಸಾರಾಂಶವನ್ನು ತಿಳಿಸತಕ್ಕದ್ದು; ಕೇಳಿದಲ್ಲಿ ವಾರಂಟನ್ನು ತೋರಿಸತಕ್ಕದ್ದು.
ಇ) ಪ್ರಯಾಣದ ಅವಧಿಯನ್ನು ಹೊರತುಪಡಿಸಿ 24 ಗಂಟೆಗಳೊಳಗೆ ನ್ಯಾಯಾಲಯದ ಮುಂದೆ ಹಾಜರುಪಡಿಸತಕ್ಕದ್ದು.
ಈ) ದಸ್ತಗಿರಿಯ ವಿಷಯವನ್ನು ಬಂಧುಗಳಿಗೆ ತಿಳಿಸುವಂತೆ ಹಾಗೂ ವಕೀಲರ ನೆರವನ್ನು ಒದಗಿಸುವಂತೆ ಕೋರಬಹುದು.

ವಾರಂಟಿನಲ್ಲಿರುವ ಹೆಸರು, ತಂದೆಯ ಹೆಸರು, ವಿಳಾಸ, ಪ್ರಕರಣದ ಸಂಖ್ಯೆ ಮತ್ತು ಬಾಕಿ ಮೊತ್ತವನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ವಾರಂಟು ತಪ್ಪೆಂದು ಕಂಡುಬಂದರೂ ಪೊಲೀಸರನ್ನು ಪ್ರತಿರೋಧಿಸಬಾರದು. ತಕರಾರನ್ನು ನ್ಯಾಯಾಲಯದ ಮುಂದೆಯೇ ಸಲ್ಲಿಸತಕ್ಕದ್ದು.

3. ಬಾಕಿ ಮೊತ್ತದ ಬಗ್ಗೆ ತಕರಾರು ಇದ್ದಲ್ಲಿ

ಹಣ ಪಾವತಿಸಬೇಕಾಗಿದ್ದ ದಿನಾಂಕದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸದ ಬಾಕಿಗೆ ಈ ಪ್ರಕರಣದಡಿ ವಾರಂಟು ಹೊರಡಿಸಲು ಬರುವುದಿಲ್ಲ. ಉದಾಹರಣೆಗೆ, ತಿಂಗಳಿಗೆ 4,000 ರೂ.ಗಳಂತೆ 20 ತಿಂಗಳ ಬಾಕಿಗೆ ಮೊದಲ ಬಾರಿಗೆ ಅರ್ಜಿ ಸಲ್ಲಿಸಲಾಗಿದೆ ಎಂದು ಭಾವಿಸೋಣ. ವಾರಂಟಿಗೆ ಒಳಪಡುವುದು ಕೊನೆಯ 12 ತಿಂಗಳ 48,000 ರೂ. ಮಾತ್ರ. ಆ ಅವಧಿಗೆ ಸಂಬಂಧಿಸಿ 15,000 ರೂ. ಬ್ಯಾಂಕ್ ಮೂಲಕ ಪಾವತಿಯಾಗಿರುವುದು ರುಜುವಾತಾದಲ್ಲಿ ಉಳಿಯುವ ಬಾಕಿ 33,000 ರೂ. ಮಾತ್ರ. ಆದರೆ ಮೊದಲೇ ಅರ್ಜಿ ಸಲ್ಲಿಸಿ, ಅದು ಇತ್ಯರ್ಥವಾಗದೆ ಉಳಿದಿದ್ದಲ್ಲಿ, ನಂತರದ ಬಾಕಿಗೆ ಕಾಲಮಿತಿಯ ಆಕ್ಷೇಪಣೆ ನಿಲ್ಲುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಪೂಂಗೋಡಿ ವಿರುದ್ಧ ತಂಗವೇಲ್ ಪ್ರಕರಣದಲ್ಲಿ ತಿಳಿಸಿದೆ.

ಪಾವತಿಯ ರುಜುವಾತಿಗಾಗಿ ಬ್ಯಾಂಕ್ ಪಾಸ್‌ಪುಸ್ತಕ, ನ್ಯಾಯಾಲಯದಲ್ಲಿ ಠೇವಣಿ ಇಟ್ಟ ರಸೀದಿ ಅಥವಾ ಸಹಿ ಮಾಡಿದ ಸ್ವೀಕೃತಿಯನ್ನು ಹಾಜರುಪಡಿಸಬೇಕು. ಮಗುವಿಗೆ ನೇರವಾಗಿ ಕೊಡಿಸಿದ ಬಟ್ಟೆಬರೆ, ಪಾವತಿಸಿದ ಶಾಲಾ ಶುಲ್ಕ ಮುಂತಾದವು ಜೀವನಾಂಶಕ್ಕೆ ತಾವಾಗಿಯೇ ಜಮೆಯಾಗುತ್ತವೆಂದು ಭಾವಿಸಬಾರದು.

4. ಮೂಲ ಆದೇಶದ ಬಗ್ಗೆಯೇ ತಕರಾರು ಇದ್ದಲ್ಲಿ

ಅ) ಏಕಪಕ್ಷೀಯ ಆದೇಶ: ಸೂಕ್ತ ಕಾರಣ ತೋರಿಸಿ, ಆದೇಶದ ದಿನಾಂಕದಿಂದ ಮೂರು ತಿಂಗಳೊಳಗೆ 145ನೇ ಪ್ರಕರಣದಡಿ ರದ್ದತಿ ಕೋರಬಹುದು. ಸಮನ್ಸ್ ತಲುಪದೆ ಆದೇಶವು ತಡವಾಗಿ ತಿಳಿದಿದ್ದಲ್ಲಿ ಆ ಸಂಗತಿಯನ್ನು ಪ್ರಮಾಣಪತ್ರದಲ್ಲಿ ವಿವರಿಸತಕ್ಕದ್ದು.
ಆ) ಮೊತ್ತದ ಬದಲಾವಣೆ: ಕೆಲಸ ಹೋದಲ್ಲಿ, ಕಾಯಿಲೆ ಬಂದಲ್ಲಿ ಅಥವಾ ಆದಾಯ ಕುಸಿದಲ್ಲಿ 146ನೇ ಪ್ರಕರಣದಡಿ ಅರ್ಜಿ ಸಲ್ಲಿಸಬಹುದು. ಆದೇಶ ಬದಲಾಗುವವರೆಗೆ ಹಳೆಯ ಮೊತ್ತವನ್ನೇ ಪಾವತಿಸತಕ್ಕದ್ದು.
ಇ) ಪುನರೀಕ್ಷಣೆ: ಮ್ಯಾಜಿಸ್ಟ್ರೇಟರ ಆದೇಶದ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ, ಕೌಟುಂಬಿಕ ನ್ಯಾಯಾಲಯದ ಆದೇಶದ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಸಾಮಾನ್ಯವಾಗಿ 90 ದಿನಗಳ ಕಾಲಾವಕಾಶವಿದೆ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ವಾರಂಟು ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೋರತಕ್ಕದ್ದು.

5. ಬಂಧನವೇ ಕಾನೂನುಬಾಹಿರವಾಗಿದ್ದಲ್ಲಿ

ವಾರಂಟಿಲ್ಲದೆ ಅಥವಾ ತಪ್ಪು ವ್ಯಕ್ತಿಯನ್ನು ಬಂಧನದಲ್ಲಿ ಇರಿಸಿಕೊಂಡಲ್ಲಿ ಸಂವಿಧಾನದ 226ನೇ ಅನುಚ್ಛೇದದಡಿ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ರಿಟ್ ಅರ್ಜಿ ಸಲ್ಲಿಸಬಹುದು. ಬಂಧಿತರ ಪರವಾಗಿ ಬಂಧುಗಳೂ ಈ ಅರ್ಜಿ ಸಲ್ಲಿಸಬಹುದು. ಪೊಲೀಸರ ದುರ್ವರ್ತನೆಯ ಬಗ್ಗೆ ಘಟನೆ ನಡೆದ ಒಂದು ವರ್ಷದೊಳಗೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ನೀಡಬಹುದು.

6. ಕಾರಾಗೃಹವಾಸದಿಂದ ಬಾಕಿ ತೀರುವುದೇ?

ಇಲ್ಲ. ಕಾರಾಗೃಹವಾಸವು ವಸೂಲಾತಿಯ ಒಂದು ವಿಧಾನವೇ ಹೊರತು ಸಾಲ ತೀರಿದಂತಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಕುಲದೀಪ್ ಕೌರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಒಮ್ಮೆಗೆ ಒಂದು ತಿಂಗಳಿಗಿಂತ ಹೆಚ್ಚು ವಿಧಿಸಲಾಗದು, ಬಾಕಿ ಮುಂದುವರಿದಲ್ಲಿ ಮತ್ತೆ ಅರ್ಜಿ ಸಲ್ಲಿಸಬಹುದು ಎಂದು 1999ರ ಶಹದಾ ಖಾತೂನ್ ಪ್ರಕರಣದಲ್ಲಿ ಹೇಳಲಾಗಿದೆ. ಈ ತೀರ್ಪಿನ ಅನ್ವಯದ ಬಗ್ಗೆ ಉಚ್ಚ ನ್ಯಾಯಾಲಯಗಳಲ್ಲಿ ಭಿನ್ನ ಅಭಿಪ್ರಾಯಗಳಿರುವುದರಿಂದ ವಕೀಲರ ಸಲಹೆ ಪಡೆಯತಕ್ಕದ್ದು. ಪೂರ್ಣ ಮೊತ್ತ ಕಟ್ಟಲು ಸಾಧ್ಯವಾಗದಿದ್ದಲ್ಲಿ, ಒಂದು ಭಾಗವನ್ನು ಕೂಡಲೇ ಠೇವಣಿ ಇಟ್ಟು ಉಳಿದದ್ದಕ್ಕೆ ಕಂತುಗಳನ್ನು ಕೋರಬಹುದು.

7. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದಂತೆ ಬಂಧನದಲ್ಲಿರುವ ವ್ಯಕ್ತಿಗೂ, ಜೀವನಾಂಶ ಕೋರುವ ಮಹಿಳೆ ಹಾಗೂ ಮಕ್ಕಳಿಗೂ ಉಚಿತ ವಕೀಲರ ನೆರವು ದೊರೆಯುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ: 15100.

ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು: ಜೀವನಾಂಶದ ಆದೇಶದ ಪ್ರತಿ, ವಾರಂಟಿನ ವಿವರ, ಪಾವತಿಯ ರಸೀದಿಗಳು, ಆದಾಯದ ದಾಖಲೆ ಮತ್ತು ಗುರುತಿನ ಚೀಟಿ.

ಸೂಚನೆ: ತಕರಾರು ಇತ್ಯರ್ಥವಾಗುವವರೆಗೂ ಮಗುವಿನ ಊಟ, ಶಾಲೆ, ಔಷಧೋಪಚಾರಗಳ ಖರ್ಚು ನಿಲ್ಲುವುದಿಲ್ಲ. ಆದ್ದರಿಂದ ತಕರಾರಿಲ್ಲದ ಮೊತ್ತವನ್ನು ಪ್ರತಿ ತಿಂಗಳೂ ತಪ್ಪದೆ ಪಾವತಿಸಿ, ರಸೀದಿ ಪಡೆದುಕೊಳ್ಳಲು ಕೋರಲಾಗಿದೆ. ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ.