ಹೊಳೆಯ ಹವ್ಯಾಸ, ಮನೆಯ ಕೈಕೆಲಸ: ರಜೆಯ ದಿನಗಳಿಗೆ ಒಂದಿಷ್ಟು ಪಥ್ಯ

ಮಕ್ಕಳ ಪರೀಕ್ಷೆಗಳು ಮುಗಿಯುತ್ತಿದ್ದಂತೆ ರಾಯಚೂರು ನಗರದ ಮನೆಗಳಲ್ಲಿ ಎರಡು ಸಿದ್ಧತೆಗಳು ಆರಂಭವಾಗುತ್ತವೆ. ಮೊದಲನೆಯದು, ಕಳೆದ ಬೇಸಿಗೆಯಿಂದ ಮಾಳಿಗೆಯ ಮೇಲೆ ಧೂಳು ಹಿಡಿದು ಕುಳಿತಿದ್ದ ಕೂಲರನ್ನು ಕೆಳಗಿಳಿಸಿ ರಿಪೇರಿಗೆ ತೊಡಗುವುದು. ಎರಡನೆಯದು, ಮಕ್ಕಳನ್ನು ದೇವದುರ್ಗ, ಮಾನ್ವಿ ಕಡೆಯ ಅಜ್ಜಿಯ ಊರಿಗೆ ಕಳುಹಿಸುವುದು. ಇಲ್ಲಿ ತಂದೆಯ ಕೈಗೆ ಸ್ಕ್ರೂಡ್ರೈವರ್ ಬರುತ್ತದೆ. ಅಲ್ಲಿ ಮಕ್ಕಳ ಕೈಗೆ ಗಾಳದ ಕೋಲು ಬರುತ್ತದೆ. ವೈದ್ಯವೃತ್ತಿಯಲ್ಲಿರುವ ನಾವು ಇವೆರಡನ್ನೂ ಸಂತೋಷದಿಂದಲೇ ಕಾಣುತ್ತೇವೆ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಿನ ಪತ್ರಿಕೆ ತೆರೆಯುವಾಗ ನಮ್ಮ ಮನಸ್ಸು ಅಳುಕುತ್ತದೆ. ಕಾಲುವೆಯಲ್ಲಿ, ಕೆರೆಯಲ್ಲಿ, ಕೃಷಿಹೊಂಡದಲ್ಲಿ ಮುಳುಗಿದ ಮಕ್ಕಳ ಸುದ್ದಿ ಇಲ್ಲದ ಬೇಸಿಗೆಯೇ ಇಲ್ಲವೆನ್ನುವಂತಾಗಿದೆ. ಆದುದರಿಂದ ಈ ತಿಂಗಳು ಸದ್ಭಕ್ತರೊಡನೆ ಕಷಾಯ, ಚೂರ್ಣಗಳ ಮಾತನ್ನು ಬದಿಗಿರಿಸಿ ಹವ್ಯಾಸಗಳ ವಿಚಾರವನ್ನು ಹಂಚಿಕೊಳ್ಳಬೇಕೆನಿಸಿದೆ.

ಹವ್ಯಾಸವು ಕಾಲಹರಣವಲ್ಲ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವ್ಯಾಯಾಮದ ಫಲಗಳನ್ನು ಹೇಳುವಾಗ ಶರೀರದ ಲಘುತ್ವ, ಕೆಲಸ ಮಾಡುವ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಮೇದಸ್ಸಿನ ಕ್ಷಯ ಇವುಗಳನ್ನು ಎಣಿಸಿದ್ದಾರೆ. ಇವು ಬೆಳಗಿನ ನಡಿಗೆಯಿಂದ ಮಾತ್ರ ದೊರೆಯುವಂತಹವಲ್ಲ. ಬಾಗಿಲಿನ ಕೀಲು ಸರಿಪಡಿಸುವುದು, ಹಳೆಯ ಮಂಚಕ್ಕೆ ನವಾರು ಬಿಗಿಯುವುದು, ಹಿತ್ತಲಿನಲ್ಲಿ ಚಪ್ಪರ ಕಟ್ಟುವುದು, ನಿಂತ ನೀರಿನಲ್ಲಿ ಹುಟ್ಟು ಹಾಕುವುದು, ಇವೆಲ್ಲವೂ ಬೆರಳು, ಭುಜ, ಬೆನ್ನು, ಕಣ್ಣುಗಳನ್ನು ಒಟ್ಟಿಗೆ ದುಡಿಸುವ ಕೆಲಸಗಳು. ನಿವೃತ್ತರಾದ ಬಳಿಕ ಮಲಬದ್ಧತೆ, ನಿದ್ರಾನಾಶಗಳೆಂದು ನಮ್ಮಲ್ಲಿಗೆ ಬರುವ ಹಿರಿಯರಿಗೆ ನಾವು ಎಷ್ಟೋ ಬಾರಿ ಔಷಧಿಗಿಂತ ಮೊದಲು ಕೇಳುವ ಪ್ರಶ್ನೆ, “ತಮ್ಮ ಕೈಗೆ ಈಗ ಏನು ಕೆಲಸವಿದೆ?” ಎಂಬುದು. ಹೆಚ್ಚಿನವರ ಉತ್ತರ ಮೊಬೈಲ್ ಫೋನು.

ಆದರೆ ಅದೇ ಆಚಾರ್ಯರು ಒಂದು ಮಿತಿಯನ್ನೂ ಹಾಕಿದ್ದಾರೆ. ಬಲವಂತರಾದವರೂ ಶೀತಕಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಶ್ರಮಿಸಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಯಿಂದ ಉಸಿರಾಡುವ ಸ್ಥಿತಿ ಬಂದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ರಾಯಚೂರಿನ ಬಿಸಿಲಿನಲ್ಲಿ ಈ ಲಕ್ಷಣಗಳು ಕುಳಿತಲ್ಲಿಯೇ ಕಾಣಿಸಿಕೊಳ್ಳುತ್ತವೆ! ಆದುದರಿಂದ ಗ್ರೀಷ್ಮದಲ್ಲಿ ಕೈಕೆಲಸಗಳೆಲ್ಲ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ನಡೆಯಲಿ. ತಗಡಿನ ಮಾಳಿಗೆಯನ್ನು ಮಧ್ಯಾಹ್ನ ಹತ್ತಿ ದುರಸ್ತಿ ಮಾಡುವ ಶೌರ್ಯ ಯಾರಿಗೂ ಬೇಡ.

ಇನ್ನು ಕೂಲರಿನ ಮಾತು. ನಮ್ಮ ಭಾಗದ ಕುಟುಂಬಗಳಲ್ಲಿ ಇದು ವರ್ಷಕ್ಕೊಮ್ಮೆ ಬರುವ ಹಬ್ಬದ ಕೆಲಸದಂತೆ. ತಂದೆ ಪಂಪು ಬಿಚ್ಚಿದರೆ ಮಗ ತೊಟ್ಟಿ ತಿಕ್ಕುತ್ತಾನೆ, ಮಗಳು ಹುಲ್ಲಿನ ಪ್ಯಾಡು ಬದಲಿಸುತ್ತಾಳೆ. ಪ್ಯಾಡಿಗೆ ಲಾವಂಚದ ಬೇರು ದೊರೆತರೆ ಉತ್ತಮ. ಚರಕಾಚಾರ್ಯರು ದಾಹವನ್ನು ಶಮನಗೊಳಿಸುವ ಹತ್ತು ದ್ರವ್ಯಗಳ ಗಣದಲ್ಲಿ ಉಶೀರವೆಂದು ಕರೆದಿರುವುದು ಇದನ್ನೇ. ಆದರೆ ತಗಡಿನ ಪೆಟ್ಟಿಗೆ, ನೀರು, ವಿದ್ಯುತ್ತು ಈ ಮೂರೂ ಒಂದೆಡೆ ಕೂಡಿರುವ ಯಂತ್ರವಿದು ಎಂಬುದನ್ನು ಮರೆಯಬಾರದು. ನೀರು ತುಂಬಿಸುವಾಗ, ಒರೆಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಮೂರು ಕಡ್ಡಿಯ ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ಸೇರಿಸುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಅದು ಪ್ರಾಣದೊಡನೆ ಆಡುವ ಜೂಜು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸಾಧನವನ್ನು ಎಲೆಕ್ಟ್ರಿಶಿಯನ್ನರಿಂದ ಮನೆಗೆ ಹಾಕಿಸಿಕೊಂಡರೆ, ವಿದ್ಯುತ್ತು ಸೋರಿದ ಕ್ಷಣದಲ್ಲಿಯೇ ಅದು ಸಂಪರ್ಕವನ್ನು ಕಡಿಯುತ್ತದೆ. ಯಾರಿಗಾದರೂ ಆಘಾತವಾದರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಇನ್ನೊಂದು ಮಾತು: ಡೆಂಗಿ ಹರಡುವ ಸೊಳ್ಳೆ ಶುದ್ಧವಾಗಿ ನಿಂತ ನೀರನ್ನೇ ಅರಸುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ಗೋಡೆಗಳನ್ನು ಬ್ರಷ್ಷಿನಿಂದ ತಿಕ್ಕಬೇಕು, ಏಕೆಂದರೆ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಕೈಕೆಲಸವೆಂದ ಮೇಲೆ ಗಾಯ ತಪ್ಪಿದ್ದಲ್ಲ. ಗಾಯಕ್ಕೆ ಸುಣ್ಣ, ಕಾಫಿಪುಡಿ ಮೆತ್ತಿಕೊಂಡು ಬರುವವರನ್ನು ನಾವು ಇಂದಿಗೂ ಕಾಣುತ್ತಿದ್ದೇವೆ. ಅರಿಸಿನ ನಮಗೆ ಪ್ರಿಯವಾದ ದ್ರವ್ಯವೇ ಹೌದು. ಆದರೆ ಅಡುಗೆಮನೆಯ ಡಬ್ಬಿಯ ಪುಡಿಯನ್ನು ಆಳವಾದ ಗಾಯಕ್ಕೆ ತುಂಬುವುದನ್ನು ನಾವು ಒಪ್ಪುವುದಿಲ್ಲ. ಹರಿಯುವ ನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು, ತುಕ್ಕು ಹಿಡಿದ ಮೊಳೆ, ತಗಡುಗಳಿಂದಾದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದನ್ನು ಹಾಕಿಸಿಕೊಳ್ಳಬೇಕು. ಆಯುರ್ವೇದ ವೈದ್ಯರೇ ಹೀಗೆನ್ನಬಹುದೇ ಎಂದು ಕೆಲವರು ಕೇಳುವುದುಂಟು. ಹೇಳಲೇಬೇಕು.

ಮನೆಯಿಂದ ಹೊಳೆಗೆ ಬರೋಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ದೋಆಬ್ ನಾಡು ನಮ್ಮದು. ನಾರದಗಡ್ಡೆಯ ಚೆನ್ನಬಸವೇಶ್ವರ ಕ್ಷೇತ್ರಕ್ಕೆ ಹೋಗಿಬಂದ ಭಕ್ತರಿಗೆ, ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಬಂಧುಗಳಿಗೆ ತೆಪ್ಪದ ಪ್ರಯಾಣ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪೇಯಸ್, ತುಂಗಭದ್ರೆಯಲ್ಲಿ ಬುಟ್ಟಿಯಂತಹ ದುಂಡನೆಯ ದೋಣಿಗಳನ್ನೂ ಅವುಗಳಿಗೆ ಹೊರಗೆ ಚರ್ಮ ಹೊದಿಸಿರುವುದನ್ನೂ ಕಂಡು ಬರೆದಿಟ್ಟಿದ್ದಾನೆ. ಇಂದು ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಅದೇ. ಒಂದು ತೆಪ್ಪವನ್ನು ನೋಡಿದಾಗಲೆಲ್ಲ ನಮಗೆ ಮೂವರು ಶರಣರು ನೆನಪಾಗುತ್ತಾರೆ. ಬಿದಿರು ಮೇದಾರ ಕೇತಯ್ಯನವರದು, ಹಗ್ಗ ನುಲಿಯ ಚಂದಯ್ಯನವರದು, ಹುಟ್ಟು ಅಂಬಿಗರ ಚೌಡಯ್ಯನವರದು.

ದುಂಡಗಿರುವ ಕಾರಣ ತೆಪ್ಪಕ್ಕೆ ಮುಂದು ಹಿಂದು ಎಂಬುದಿಲ್ಲ. ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ಅದು ತಿರುಗುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ನೀರನ್ನು ಮುಂಬದಿಯಿಂದ ತನ್ನತ್ತ ಸೆಳೆದುಕೊಳ್ಳುವ ಆ ಕ್ರಮದಲ್ಲಿ ಎರಡೂ ಭುಜಗಳೂ ಬೆನ್ನೂ ಸಮನಾಗಿ ದುಡಿಯುತ್ತವೆ. ನುರಿತ ಅಂಬಿಗರ ಬಳಿ ನಿಂತ ನೀರಿನಲ್ಲಿ ಇದನ್ನು ಕಲಿಯುವುದು ಯುವಕರಿಗೆ ಒಳ್ಳೆಯ ವ್ಯಾಯಾಮ. ಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗದ, ನಾವು ಅವಬಾಹುಕವೆಂದು ಕರೆಯುವ ವಾತರೋಗವುಳ್ಳವರು ಮಾತ್ರ ಇದರಿಂದ ದೂರವಿರಲಿ. ಹುಟ್ಟು ಹಾಕಿ ಬಂದ ಸಂಜೆ ಎಳ್ಳೆಣ್ಣೆಯ ಅಭ್ಯಂಗ ಮಾಡಿ ಬಿಸಿನೀರು ಹಾಕಿಕೊಂಡರೆ ಮರುದಿನದ ನೋವು ಬಹುಮಟ್ಟಿಗೆ ತಗ್ಗುತ್ತದೆ.

ಆದರೆ ಹರಿಯುವ ಹೊಳೆ ಹವ್ಯಾಸದ ಸ್ಥಳವಲ್ಲ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಕೃಷ್ಣೆ ನೋಡನೋಡುತ್ತಲೇ ಏರುತ್ತದೆ. 2020ರ ಆಗಸ್ಟಿನಲ್ಲಿ ಕುರ್ವಕಲಾ ಭಾಗದಲ್ಲಿ ತೆಪ್ಪ ಮಗುಚಿ ಜನರು ನೀರುಪಾಲಾದ ದುಃಖ ಇನ್ನೂ ಆರಿಲ್ಲ. ಆ ನಡುಗಡ್ಡೆಗಳವರಿಗೆ ತೆಪ್ಪ ಅನಿವಾರ್ಯ. ನಗರದಿಂದ ಸೆಲ್ಫಿಗಾಗಿ ಹೋಗುವವರಿಗೆ ಯಾವ ಅನಿವಾರ್ಯತೆಯೂ ಇಲ್ಲ. ಸಾಲದುದಕ್ಕೆ ಕೃಷ್ಣೆಯಲ್ಲಿ ಮೊಸಳೆಗಳೂ ಇವೆ, ದೇವದುರ್ಗದ ದಂಡೆಯ ಗ್ರಾಮಸ್ಥರನ್ನು ಕೇಳಿ ನೋಡಿ.

ಮೀನಿನ ಗಾಳದ ವಿಚಾರ ಈ ಪುಟದಲ್ಲಿ ಬರುವುದು ಕೆಲವರಿಗೆ ಅಚ್ಚರಿಯಾದೀತು. ಓದುಗರಲ್ಲಿ ಬಹುತೇಕರು ಶಾಕಾಹಾರಿಗಳು, ಹಿಂಸೆಯನ್ನು ಒಪ್ಪದವರು, ನಾವೂ ಅವರಲ್ಲೊಬ್ಬರು. ಆದರೆ ಮೀನುಗಾರಿಕೆಯನ್ನೇ ಕಾಯಕವಾಗಿ ಉಳ್ಳ ಅಂಬಿಗ ಕುಟುಂಬಗಳೂ ಮಠದ ಭಕ್ತರೇ. ಅಲ್ಲದೆ ಅಜ್ಜಿಯ ಊರಿಗೆ ಹೋದ ಮಕ್ಕಳು ಯಾವ ಮನೆಯವರಾದರೇನು, ಗೆಳೆಯರ ಜೊತೆಗೂಡಿ ದಂಡೆಯ ಮೇಲೆ ಕೂತೇ ಕೂರುತ್ತಾರೆ. ಗಾಳದ ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳಿರುತ್ತದೆ. ಬೆರಳಿಗೆ ಹೊಕ್ಕರೆ ಎಳೆಯಬಾರದು. ದಾರವನ್ನು ಕತ್ತರಿಸಿ, ಕೊಕ್ಕೆ ಅಲುಗದಂತೆ ಬಟ್ಟೆ ಸುತ್ತಿ ವೈದ್ಯರಲ್ಲಿಗೆ ಬರಬೇಕು. ಮೀನು ಕಚ್ಚುವವರೆಗೆ ಗಂಟೆಗಟ್ಟಲೆ ಬಾಯಾರಿಕೆಯನ್ನೂ ಮೂತ್ರವನ್ನೂ ತಡೆದು ಕುಳಿತುಕೊಳ್ಳುವುದು ಇನ್ನೊಂದು ತೊಂದರೆ. ತಡೆಯಬಾರದೆಂದು ಚರಕಾಚಾರ್ಯರು ಎಣಿಸಿದ ಹದಿಮೂರು ವೇಗಗಳಲ್ಲಿ ಇವೆರಡೂ ಇವೆ. ಮಾನ್ವಿಯ ಗದ್ದೆ, ಕಾಲುವೆಗಳ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಬೆರಳ ಸಂದಿಯಲ್ಲಿ ತುರಿಕೆ, ಉರಿ, ಬಿಳಿಚು ಕಾಣಿಸುತ್ತದೆ. ಸುಶ್ರುತಾಚಾರ್ಯರು ಇದನ್ನು ‘ಅಲಸ’ವೆಂದು ಕರೆದು, ದುಷ್ಟವಾದ ಕೆಸರೇ ಕಾರಣವೆಂದಿದ್ದಾರೆ. ಬೇವಿನೆಲೆ ಕುದಿಸಿದ ನೀರಿನಲ್ಲಿ ತೊಳೆದು, ಸಂದಿಗಳನ್ನು ಚೆನ್ನಾಗಿ ಒಣಗಿಸುವುದೇ ಮುಖ್ಯ ಚಿಕಿತ್ಸೆ. ಒಡೆದ ಹಿಮ್ಮಡಿಯ ಮೂಲಕ ಇಲಿಜ್ವರವೂ ಒಳಹೊಗಬಹುದು. ಕೆಸರಿನಲ್ಲಿ ಆಡಿದ ಕೆಲವು ದಿನಗಳ ಬಳಿಕ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಈಗ ನಮ್ಮ ಮುಖ್ಯ ಕಳಕಳಿಗೆ ಬರುತ್ತೇವೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಲಗಳಲ್ಲಿ ಕೃಷಿಹೊಂಡಗಳು ಹೆಚ್ಚಿದವು. ರೈತರಿಗೆ ಅವು ವರವೇ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿದಾಗ ಎಣ್ಣೆ ಸವರಿದಂತೆ ಜಾರುತ್ತದೆ. ಒಳಗೆ ಜಾರಿದ ಮಗುವಿಗೆ, ಈಜು ಬಲ್ಲವರಿಗೂ ಸಹ, ಹತ್ತಿ ಬರಲು ಹಿಡಿತವೇ ಇರುವುದಿಲ್ಲ. ಕಾಂಕ್ರೀಟು ಹಾಕಿದ ಕಾಲುವೆಯ ಇಳಿಜಾರೂ ಅಂತಹುದೇ. ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನನ್ನು ಉಳಿಸಲು ಮತ್ತೊಬ್ಬ ಇಳಿದು, ಒಂದೇ ಮನೆಯ ಇಬ್ಬರು ಮೂವರು ಹೋಗುವುದು ಈ ಕಾರಣದಿಂದಲೇ.

ಇಲ್ಲಿಯೇ ಮನೆಯ ಕೈಕೆಲಸ ಪ್ರಾಣ ಉಳಿಸಬಲ್ಲದು. ಗಟ್ಟಿಯಾದ ಹಗ್ಗಕ್ಕೆ ಒಂದೊಂದು ಅಡಿಗೆ ಗಂಟು ಹಾಕಿ, ಒಂದು ತುದಿಯನ್ನು ದಂಡೆಯ ಮೇಲಿನ ಗೂಟಕ್ಕೆ ಬಿಗಿದು ಇನ್ನೊಂದನ್ನು ಹೊಂಡದ ತಳದವರೆಗೆ ಇಳಿಬಿಡಬೇಕು. ನಾಲ್ಕು ಬದಿಗೂ ಒಂದೊಂದು ಇದ್ದರೆ ಉತ್ತಮ. ಹಳೆಯ ಟೈರುಗಳನ್ನು ಸಾಲಾಗಿ ಕಟ್ಟಿ ಇಳಿಬಿಟ್ಟರೆ ಅದು ಮೆಟ್ಟಿಲೇ ಆಗುತ್ತದೆ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನ ಮುಚ್ಚಳ ಬಿಗಿದು, ಹಿಡಿಕೆಗೆ ಮೂವತ್ತು ನಲವತ್ತು ಅಡಿ ಹಗ್ಗ ಕಟ್ಟಿ ಹೊಂಡದ ಬಳಿ ತೂಗುಹಾಕಿದರೆ, ಎಸೆಯಲು ತೇಲುಗ ಸಿದ್ಧ. ಹಿಂದೆ ನಮ್ಮ ಹಿರಿಯರು ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದುದೂ ಇದೇ ತತ್ತ್ವದಿಂದ. ಅಜ್ಜ ಮೊಮ್ಮಕ್ಕಳು ಕೂಡಿ ಅರ್ಧ ದಿನದಲ್ಲಿ ಮುಗಿಸಬಹುದಾದ ಕೆಲಸವಿದು. ಸುತ್ತ ತಂತಿಬೇಲಿ ಹಾಕುವುದನ್ನು ಮನೆಯ ದೊಡ್ಡವರು ನೋಡಿಕೊಳ್ಳಲಿ.

ಮುಳುಗುತ್ತಿರುವವರನ್ನು ಕಂಡಾಗ ನೀರಿಗೆ ಹಾರಬಾರದು. ಕ್ಯಾನು, ಹಗ್ಗ, ಗಳ, ಪಂಚೆ, ಸೀರೆ, ಯಾವುದಾದರೂ ಸರಿ, ಎಸೆದು ಎಳೆಯಬೇಕು. ಮೇಲೆ ತಂದ ಬಳಿಕ ಹೊಟ್ಟೆ ಒತ್ತುವುದು, ತಲೆಕೆಳಗೆ ಹಿಡಿದು ತಿರುಗಿಸುವುದು ನಮ್ಮ ಕಡೆ ಬಳಕೆಯಲ್ಲಿದೆ. ದಯವಿಟ್ಟು ಬಿಡಿ. ಇದರಿಂದ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ನುಗ್ಗುತ್ತದೆ, ಅಮೂಲ್ಯ ನಿಮಿಷಗಳು ಕಳೆಯುತ್ತವೆ. ಮುಳುಗಿದವರಿಗೆ ಮೊದಲು ಬೇಕಾದುದು ಉಸಿರು. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದವನ್ನು ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡರಿಂದ ಐದು ಬಾರಿ ಊದಬೇಕು. ಬಳಿಕ ಎದೆಯ ನಡುವೆ ಅಂಗೈಯಿಟ್ಟು 30 ಬಾರಿ ಒತ್ತಿ, 2 ಬಾರಿ ಊದಿ, ಮತ್ತೆ ಹಾಗೆಯೇ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ದೊಡ್ಡವರಲ್ಲಿ ಎದೆ ಐದಾರು ಸೆಂಟಿಮೀಟರಿನಷ್ಟು, ಮಕ್ಕಳಲ್ಲಿ ಎದೆಯ ಗಾತ್ರದ ಮೂರನೆಯ ಒಂದರಷ್ಟು ಕುಗ್ಗಬೇಕು. ಉಸಿರು ಬರುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು.

ಎದ್ದು ಕುಳಿತು ಮಾತನಾಡಿದ ಮಗುವನ್ನೂ ಮನೆಗೆ ಕರೆದೊಯ್ಯದೆ ಆಸ್ಪತ್ರೆಗೆ ತೋರಿಸಬೇಕು. ಒಳಹೊಕ್ಕ ನೀರಿನ ತೊಂದರೆ ಕೆಲವು ಗಂಟೆಗಳ ಬಳಿಕವೂ ಕಾಣಿಸಿಕೊಳ್ಳಬಹುದು. ಕರೆ ಮಾಡಬೇಕಾದ ಸಂಖ್ಯೆ 108. ಹೊಲದ ದಾರಿ ಆಂಬುಲೆನ್ಸಿನವರಿಗೆ ತಿಳಿದಿರುವುದಿಲ್ಲವಾದ್ದರಿಂದ ಊರು, ಎಷ್ಟನೆಯ ಉಪಕಾಲುವೆ, ಹತ್ತಿರದ ಗುಡಿ ಅಥವಾ ಶಾಲೆ ಇವುಗಳನ್ನು ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಪಂಪ್‌ಸೆಟ್ಟಿನ ಕೋಣೆಯ ಬಾಗಿಲಿಗೆ ಅಂಟಿಸಿರಿ, ಒಬ್ಬರು ರಸ್ತೆಗೆ ಹೋಗಿ ಕಾದು ನಿಲ್ಲಿರಿ.