ಹಳೆಯ ಕಾರಿನ ಮಾಪಕಗಳ ಸಾಕ್ಷ್ಯ

ಅಮೆರಿಕದಲ್ಲಿ 1960ರ ದಶಕದಲ್ಲಿ ತಯಾರಾದ, ಸಾಧಾರಣ ಮೈಕಟ್ಟಿನಲ್ಲಿ ಪ್ರಬಲವಾದ ಎಂಜಿನನ್ನು ಹೊತ್ತ ‘ಮಸಲ್ ಕಾರು’ಗಳ ಜೀರ್ಣೋದ್ಧಾರದಲ್ಲಿ ಬಣ್ಣಕ್ಕೆ ಸಲ್ಲುವ ಶ್ರದ್ಧೆಯು ಡ್ಯಾಶ್‌ಬೋರ್ಡಿನ ಮಾಪಕಗಳಿಗೆ ಸಲ್ಲುವುದು ವಿರಳ. ಇತಿಹಾಸಕಾರರಾದ ನಮಗಾದರೋ ಗಾಡಿಯ ದಾಖಲೆ ಇರುವುದೇ ಅಲ್ಲಿ.

1968ರ ಫೋರ್ಡ್ ಮಸ್ಟ್ಯಾಂಗನ್ನು ನೋಡೋಣ. ಅದರ ಪೆಟ್ರೋಲ್ ಮಾಪಕದಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದುಂಟು. ಅದಕ್ಕೆ ಸುತ್ತಿದ ತಂತಿಯು ವಿದ್ಯುತ್ತಿನಿಂದ ಕಾದಾಗ ಪಟ್ಟಿ ಬಾಗಿ ಮುಳ್ಳನ್ನು ಸರಿಸುತ್ತದೆ. ಟ್ಯಾಂಕಿನ ತೇಲುಗುಂಡಿಗೆ ಜೋಡಿಸಿದ ನಿರೋಧಕವು ಟ್ಯಾಂಕು ಬರಿದಾದಾಗ ಸುಮಾರು 73 ಓಮ್, ತುಂಬಿದಾಗ ಸುಮಾರು 10 ಓಮ್ ತೋರಬೇಕು. ಬ್ಯಾಟರಿಯ 12 ವೋಲ್ಟುಗಳನ್ನು ಸರಾಸರಿ 5ಕ್ಕೆ ಇಳಿಸುವ ಪುಟ್ಟ ನಿಯಂತ್ರಕವೊಂದು ಫಲಕದ ಹಿಂಬದಿಯಲ್ಲಿದೆ. ಅದರ ಸಂಪರ್ಕಬಿಂದುಗಳು ಅಂಟಿಕೊಂಡರೆ ಪೂರ್ಣ ವಿದ್ಯುತ್ತು ನುಗ್ಗಿ ಮಾಪಕಗಳು ಸುಟ್ಟುಹೋಗಬಹುದು. ಮೊದಲು ಪರೀಕ್ಷಿಸತಕ್ಕದ್ದು ಇದನ್ನು. ಮುಳ್ಳಿಗೆ ಬಣ್ಣ ಬಳಿಯುವುದು ಆಮೇಲಿನ ಮಾತು.

ಮೈಲಿ ಎಣಿಕೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಪೂರ್ಣ ಮೈಲಿಗಳಿಗೆ ಐದೇ ಅಂಕಿಗಳಿರುವುದರಿಂದ 99,999ರ ಬಳಿಕ ಎಣಿಕೆ ಸೊನ್ನೆಗೆ ಮರಳುತ್ತದೆ. ಕಾಣುವ 23,000ವು 1,23,000ವೂ ಆಗಿರಬಹುದು. ಇದನ್ನು ವಂಚನೆಗಾಗಿ ತಿದ್ದುವುದನ್ನು ಅಮೆರಿಕವು 1972ರ ಕಾನೂನಿನಿಂದ ನಿಷೇಧಿಸಿತು. ದುರಸ್ತಿಗೆ ಅಡ್ಡಿಯಿಲ್ಲ, ಅಂಕಿ ಮಾತ್ರ ಬದಲಾಗಕೂಡದು. ಹಾಗೆ ಉಳಿಸುವುದು ಅಸಾಧ್ಯವಾದರೆ ಎಣಿಕೆಯನ್ನು ಸೊನ್ನೆಗಿರಿಸಿ, ಹಿಂದಿನ ಅಂಕಿಯನ್ನೂ ದುರಸ್ತಿಯ ದಿನಾಂಕವನ್ನೂ ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಶಾಸನದ ಸವೆದ ಸಾಲನ್ನು ಸಂಪಾದಕನು ಗುರುತಿಸುವ ಕ್ರಮವೂ ಇಂತಹುದೇ.

ಮಾಸಿದ ಮುಖಫಲಕವನ್ನು ಹೊಸದಾಗಿ ಅಚ್ಚುಮಾಡಿಸುವವರೂ ಉಂಟು. ಅಕ್ಷರಗಳು ಓದಲು ಬರುವಷ್ಟು ಉಳಿದಿದ್ದರೆ ಧೂಳೊರಸಿ ಹಾಗೆಯೇ ಬಿಡುವುದು ಮೇಲೆಂದು ನಮ್ಮ ಮತ.