ಒಂದೇ ಚಿತ್ರಕ್ಕೆ ಎರಡು ಕಡತ: ಅಳಿಸಬೇಕಾದದ್ದು ಯಾವುದು?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಮರದ ನೆರಳಿನಲ್ಲಿ ಕುಳಿತ ಕೊಕ್ಕರೆಯನ್ನು ಮೊಬೈಲಿನ ‘ರಾ’ ವಿಧಾನದಲ್ಲಿ ಸೆರೆಹಿಡಿದರೆ ಸಾಮಾನ್ಯವಾಗಿ ಎರಡು ಕಡತಗಳು ಉಳಿಯುತ್ತವೆ: ಹೆಚ್ಚಿನ ಮೂಲ ಮಾಹಿತಿಯುಳ್ಳ ಡಿಎನ್‌ಜಿ, ಸಂಸ್ಕರಿಸಿ ಕುಗ್ಗಿಸಿದ ಜೆಪೆಗ್. ಗ್ಯಾಲರಿಯಲ್ಲಿ ಇವೆರಡೂ ಅವಳಿಗಳಂತೆಯೇ ಕಾಣುತ್ತವೆ. ಜಾಗ ಸಾಲದಾದಾಗ ದೊಡ್ಡ ಕಡತಕ್ಕೇ ಕುತ್ತು. ಆದರೆ ಜೆಪೆಗ್ ಪ್ರತಿ ಬಣ್ಣಕ್ಕೆ 256 ಹಂತಗಳನ್ನಷ್ಟೇ ಉಳಿಸುತ್ತದೆ. 10 ಬಿಟ್‌ನ ಮೂಲದಲ್ಲಿ 1024 ಹಂತಗಳಿರುತ್ತವೆ. ನೆರಳಿನಲ್ಲಡಗಿದ ಗರಿಯ ವಿವರ ಮರಳಿ ಬರುವುದಾದರೆ ಅದರಿಂದಲೇ.

ಉಚಿತ ತಂತ್ರಾಂಶವಾದ ಡಿಜಿಕ್ಯಾಮ್ ಇಂತಹ ಜೋಡಿಗಳನ್ನು ಹೆಸರು ಅಥವಾ ಸಮಯದ ಆಧಾರದಲ್ಲಿ ಗುಂಪುಗೂಡಿಸಿ, ಒಂದನ್ನಷ್ಟೇ ಮುಂದೆ ತೋರಿಸಬಲ್ಲದು. ಹಾರುವ ಹಕ್ಕಿಯನ್ನು ಎಡೆಬಿಡದೆ ಕ್ಲಿಕ್ಕಿಸಿದವರು ಸಮಯವನ್ನು ನೆಚ್ಚುವಂತಿಲ್ಲ. ಬೇರೆ ಬೇರೆ ಚಿತ್ರಗಳೂ ಒಂದೇ ಗುಂಪಿಗೆ ಸೇರಿಬಿಡುತ್ತವೆ. ಹೆಸರಿನ ಆಧಾರವೇ ಲೇಸು. ಆದರೆ ಜೋಡಿಯಲ್ಲಿ ಒಂದಕ್ಕೆ ಮಾತ್ರ ಹೊಸ ಹೆಸರಿಟ್ಟರೆ ಆ ನಂಟೂ ಕಡಿಯುತ್ತದೆ.